ನನ್ನ ಪ್ರಬಂಧಕ್ಕೊಬ್ಬ ಗಿರಾಕಿ

ತೊಂಬತ್ತರ ದಶಕದ ಆರಂಭದಲ್ಲಿ ಮುಂಬಯಿಯ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸ್ಕ್ಯಾನರ್ ಬಂತು. ಬೇರೆ ಗ್ರಂಥಾಲಯದವರು ಕೋರಿಕೆ ಚೀಟಿ ಕಳಿಸಿದರೆ, ಅವರು ಕೇಳಿದ ಪಿಎಚ್.ಡಿ. ಪ್ರಬಂಧದ ಪುಟಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮಗುಚಿಟ್ಟು, ಫ್ಲಾಪಿಗಿಳಿಸಿ ಅಂಚೆಗೆ ಹಾಕುವುದು ನನ್ನ ಕೆಲಸ. ಒಂದು ದಿನ ಬಂದ ಚೀಟಿಯಲ್ಲಿ ನನ್ನದೇ ಪ್ರಬಂಧದ ಹೆಸರಿತ್ತು. ಮೂರನೆಯ ಅಧ್ಯಾಯ ಬೇಕಂತೆ. ಕೇಳಿದವರು ಯಾರೆಂದಿಲ್ಲ, ಮೈಸೂರು ಕಡೆಯ ಮೊಹರು ಮಾತ್ರ.

ಹದಿನಾಲ್ಕು ವರ್ಷ ಅದನ್ನು ಜಿರಲೆ ಬಿಟ್ಟು ಯಾರೂ ಮುಟ್ಟಿರಲಿಲ್ಲ. ನನ್ನ ಬಡ್ತಿಯ ಕಡತ ಗ್ರಂಥಪಾಲ ಸಾಹೇಬರ ಮೇಜಿನ ಮೇಲಿರುವಾಗಲೇ ಯಾಕೆ? ಅದೂ ಮೂರನೆಯದೇ? ಅದರ ಎಂಬತ್ತೇಳನೆಯ ಪುಟದ ಕೋಷ್ಟಕ ನನ್ನದಲ್ಲ. ಭಾಂಡುಪ್‌ನ ಚಾಳುಗಳಲ್ಲಿ ಮನೆಮನೆ ತಿರುಗಿ, ಕಾರ್ಮಿಕರು ಯಾವ ಊರಿನವರೆಂದು ಬರೆದುಕೊಂಡವನು ನನ್ನ ಸೀನಿಯರ್. ಅವನು ಸಂಶೋಧನೆ ಬಿಟ್ಟು ಬ್ಯಾಂಕ್ ಸೇರಿದ. ಓದಲು ಕೊಟ್ಟಿದ್ದ ನೋಟ್‌ಬುಕ್ಕಿನಿಂದ ನಾನು ಕೋಷ್ಟಕ ಇಳಿಸಿಕೊಂಡೆ. ಅವನ ಹೆಸರು ಹಾಕಲಿಲ್ಲ.

“ಕಾಯ್ ಸಾಹೇಬ್, ನಿಮಗೂ ಗಿರಾಕಿ ಬಂತಾ?” ಎಂದು ಪಕ್ಕದ ಮೇಜಿನವರು ನಕ್ಕರು. ಪಿತೂರಿ ಇವರದೇ ಎಂದುಕೊಂಡೆ. ಸಂಜೆ ದಾದರ್‌ನಲ್ಲಿ ಲೋಕಲ್ ಬದಲಿಸುವಾಗ ಯಾರೋ ಬೆನ್ನು ಹತ್ತಿದ್ದಾರೆಂದು ತಿರುಗಿ ನೋಡಿದೆ. ಹತ್ತಿದ್ದರು, ಇಡೀ ಪ್ಲಾಟ್‌ಫಾರ್ಮೇ ಹತ್ತಿತ್ತು.

“ಯಾರರ ನಿಮ್ಮದನ್ನ ಓದ್ತೀನಿ ಅಂದ್ರ ಖುಷಿ ಪಡೂದು ಬಿಟ್ಟು, ವಾರಂಟ್ ಬಂದವರಂಗ ಕುಂತೀರಲ್ರಿ!” ಅಂದಳು ಹೆಂಡತಿ.

ಮರುದಿನ ಎಂಬತ್ತಾರನೆಯ ಪುಟವಾದ ಮೇಲೆ ಎಂಬತ್ತೆಂಟನ್ನು ಗಾಜಿನ ಮೇಲಿಟ್ಟೆ.

ಎರಡೇ ವಾರದಲ್ಲಿ ಕಾಗದ ಬಂತು, ಸೀನಿಯರನದೇ ಅಕ್ಷರ. “ಏನಯ್ಯಾ, ಎಂಬತ್ತೇಳನೇ ಪುಟ ಎಲ್ಲಿ? ಬ್ಯಾಂಕಿಗೆ ರಜ ಹಾಕಿ ಮತ್ತೆ ಪಿಎಚ್.ಡಿ.ಗೆ ಕೂತಿದೀನಿ. ನನ್ನ ನೋಟ್‌ಬುಕ್ ಗೆದ್ದಲು ತಿಂತು. ನಿನ್ನದರಲ್ಲಾದರೂ ನನ್ನ ಟೇಬಲ್ ಉಳಿದಿದೆಯಲ್ಲ ಅಂತ ನೆಮ್ಮದಿಯಾಗಿದ್ದೆ. ಹಾಗೇ ಬಳಸಿದರೆ ನಾನೇ ನಿನ್ನಿಂದ ಕದ್ದೆ ಅಂತಾರೆ ಗೈಡ್. ಒಂದು ಸಾಲು ಬರೆದುಕೊಡು.”

ಅಂದರೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು! ಇದರಲ್ಲೂ ಏನಾದರೂ ಬಲೆ ಇದೆಯೇ ಎಂದು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

ಕೋಷ್ಟಕ ಯಾರದೆಂದು ಬರೆದು ಸಹಿ ಹಾಕಿ, ಎಂಬತ್ತೇಳನೆಯ ಪುಟದೊಂದಿಗೆ ಸ್ಕ್ಯಾನ್ ಮಾಡಿದೆ. ಪ್ರಬಂಧದ ತಿದ್ದುಪಡಿ ಹೊರಗೆ ಹೋದರೆ ನಮ್ಮ ಪ್ರತಿಗೂ ಅಂಟಿಸಬೇಕೆಂಬುದು ಗ್ರಂಥಾಲಯದ ಪದ್ಧತಿ. ಎಷ್ಟೋ ಜನರ ತಿದ್ದುಪಡಿ ಅಂಟಿಸಿದ ಕೈ, ಅವತ್ತು ಗೋಂದು ಹೆಚ್ಚು ಚೆಲ್ಲಿತು. ಅದು ಒಣಗುವವರೆಗೆ ಪುಟ ಮುಚ್ಚುವಂತಿಲ್ಲ. ನನ್ನ ತಪ್ಪೊಪ್ಪಿಗೆಯನ್ನು ಫ್ಯಾನಿನ ಕೆಳಗೆ ತೆರೆದಿಟ್ಟುಕೊಂಡು, ಪಕ್ಕದ ಮೇಜಿನವರನ್ನು ಓರೆಗಣ್ಣಿನಿಂದ ಕಾಯುತ್ತ ಕೂತೆ.

ಅವರು ಊಟದ ಡಬ್ಬಿ ಬಿಚ್ಚಿ, “ಸಾಹೇಬ್, ಉಪ್ಪಿನಕಾಯಿ ಇದೆಯಾ?” ಎಂದರು.