ಪೂರ್ವದ ಗೇಟಿನಲ್ಲಿ ನಿಂತವರು

ಯೋಕೋಹಾಮಾದ ಹೊರವಲಯದಲ್ಲಿ ನಾವಿದ್ದಾಗ, ಸ್ಟೇಷನ್ನಿನ ಪೂರ್ವದ ಗೇಟಿನಲ್ಲಿ ಬೆಳಿಗ್ಗೆ ಅವರು ನಿಂತಿರುತ್ತಿದ್ದರು. ಪ್ರಾಂತ್ಯದ ಸಭೆಗೆ ನಮ್ಮ ಕ್ಷೇತ್ರದಿಂದ ಆರಿಸಿಹೋದವರು. ಹೆಗಲಿಗೆ ತಮ್ಮ ಹೆಸರು ಬರೆದ ಬಟ್ಟೆಯ ಪಟ್ಟಿ. ರೈಲಿಗೆ ಓಡುವ ಎಲ್ಲರಿಗೂ ಸೊಂಟ ಬಗ್ಗಿಸಿ, “ಇತ್ತೆರಾಶ್ಶೈ” ಎನ್ನುತ್ತಿದ್ದರು. ಹೋಗಿ ಬನ್ನಿ ಎಂದು. ೨೦೧೧ರ ದೊಡ್ಡ ಭೂಕಂಪದ ಬೆನ್ನಿಗೇ ಬಂದ ಚುನಾವಣೆಯಲ್ಲಿ, ಇಷ್ಟು ಜನ ಸತ್ತಿರುವಾಗ ಗದ್ದಲವೇಕೆಂದು ಪ್ರಚಾರಕ್ಕೆ ಮೈಕನ್ನೇ ಬಿಟ್ಟಿದ್ದರು.

“ಸುಮಿಮಾಸೆನ್, ನಮಗೆ ಇಲ್ಲಿ ವೋಟಿಲ್ಲ” ಎಂದೆ ಒಮ್ಮೆ, ಕ್ಷಮೆ ಕೇಳುತ್ತ, ಸಂಕೋಚದಿಂದ.

“ರೈಲು ಹತ್ತುತ್ತೀರಲ್ಲ” ಎಂದು ಮತ್ತೆ ಬಗ್ಗಿದರು.

ಕೆಲವು ವರ್ಷಗಳ ಮೇಲೆ ಜನ ಹೆಚ್ಚಾಯಿತೆಂದು ಕ್ಷೇತ್ರವನ್ನು ರೈಲುಹಳಿಯ ಗುಂಟ ಎರಡು ಮಾಡಿದರು. ಪೂರ್ವದ ಬೀದಿಗಳೆಲ್ಲ ಬೇರೆ ಕ್ಷೇತ್ರದ ಪಾಲಾದವು. ಅವರು ಪಶ್ಚಿಮದಲ್ಲಿ ಸ್ಪರ್ಧಿಸಿ ಸೋತರು.

ಮರುದಿನ ಬೆಳಿಗ್ಗೆ ನೋಡಿದರೆ, ಪೂರ್ವದ ಗೇಟಿನಲ್ಲೇ ನಿಂತಿದ್ದಾರೆ! ಹೆಗಲ ಮೇಲೆ ಪಟ್ಟಿಯಿರಲಿಲ್ಲ. ಹೆಂಡತಿ ನನ್ನ ತೋಳು ಹಿಡಿದಳು.

“ರೀ, ಈ ಕಡೆಯೋರು ಇನ್ನು ಇವರಿಗೆ ವೋಟು ಹಾಕೋಕೇ ಆಗಲ್ವಲ್ಲ. ಸೋತಮೇಲೂ ಇಲ್ಯಾಕೆ ಬಂದಿದಾರೆ?”

“ಇಷ್ಟು ವರ್ಷ ಹಾಕಿದ್ರಲ್ಲ, ಅದಕ್ಕೆ.”

ಅವರು ನಮ್ಮತ್ತ ತಿರುಗಿ, ಎಂದಿಗಿಂತ ಹೆಚ್ಚು ಬಗ್ಗಿದರು. “ಇತ್ತೆರಾಶ್ಶೈ.”

ಹಿಂದಿನಿಂದ ಜನ ನೂಕುತ್ತಿದ್ದರು. ನನ್ನ ತೋಳು ಬಿಟ್ಟು, ಅವಳೂ ಅಷ್ಟೇ ಬಗ್ಗಿ, ಕನ್ನಡದಲ್ಲೇ ಹೇಳಿದಳು: “ಹೋಗಿಬರ್ತೀವಿ ಸರ್.”