ದಾರದ ಮೇಲೆ ಹೊರಿಸಿದ ದೂರು

ನಮ್ಮ ಮನೆಯಲ್ಲಿ ಇಡ್ಲಿಗೆ ಅಕ್ಕಿ ನೆನೆಹಾಕುವ ಪಾತ್ರೆಯೊಂದಿತ್ತು. ಅದರಲ್ಲಿ ಅಕ್ಕಿಗಿಂತ ಹೆಚ್ಚಾಗಿ ನೆನೆದದ್ದು ನೈಲಾನ್ ದಾರ. ಹುಲ್ಲು ಕತ್ತರಿಸುವ ಮೆಷಿನ್ನಿಗೆ ಹಾಕುವ ದಾರವದು. ಬಿಸಿಲಿಗೆ ಒಣಗಿದರೆ ಪೆಡಸಾಗಿ ಪಟಪಟನೆ ತುಂಡಾಗುತ್ತದೆ, ಒಂದು ದಿನ ನೀರಿನಲ್ಲಿಟ್ಟರೆ ಮತ್ತೆ ಬಳುಕುತ್ತದೆ. ಇದು ನನ್ನ ಗಂಡ ಕಂಡುಕೊಂಡಿದ್ದ ಉಪಾಯ. ನೆನೆಸಲಿ, ಬೇಡವೆನ್ನುವುದಿಲ್ಲ, ಆದರೆ ನನ್ನ ಪಾತ್ರೆಯೇ ಆಗಬೇಕೇ? ಬಯ್ದು ಬಯ್ದು ಸಾಕಾಗಿ ಅದನ್ನು ಅವರಿಗೇ ಬಿಟ್ಟುಕೊಟ್ಟು ನಾನು ಬೇರೆ ಪಾತ್ರೆ ತಂದುಕೊಂಡೆ.

ಅವರ ಕೆಲಸವೇ ಹುಲ್ಲು ಕತ್ತರಿಸುವುದು. ಉದ್ದನೆಯ ಕೊಳವೆ, ಹಿಂದೆ ಇಂಜಿನ್ನು, ಮುಂದೆ ನೆಲದ ಹತ್ತಿರ ಗಿರಗಿರನೆ ತಿರುಗುವ ತಲೆ. ಇಡೀ ಮೆಷಿನ್ನು ಹೆಗಲ ಮೇಲಿನ ಬೆಲ್ಟಿಗೆ ತೂಗುತ್ತಿರುತ್ತದೆ. ತಲೆಗೆ ಬೇಕಾದರೆ ಎಂಬತ್ತೋ ಮೂರೋ ಹಲ್ಲುಗಳಿರುವ ಕಬ್ಬಿಣದ ಬ್ಲೇಡು ಹಾಕಬಹುದು, ಬೇಡವಾದರೆ ದಾರ ಸುತ್ತಿದ ಪ್ಲಾಸ್ಟಿಕ್ ಹೆಡ್ಡು. ಅವರು ಸೇಲಂ ಹತ್ತಿರದ ಏರ್ಕಾಡು ಬೆಟ್ಟದ ಎಸ್ಟೇಟುಗಳಲ್ಲಿ ವರ್ಷಗಟ್ಟಲೆ ಬ್ಲೇಡಿನಲ್ಲೇ ಕೆಲಸ ಮಾಡಿದವರು. ಕಾಫಿ ಗಿಡಗಳ ಸಾಲಿನ ನಡುವೆ, ಇಳಿಜಾರಿನಲ್ಲಿ ಕಾಲೂರಿ ನಿಂತು, ಎದೆಯುದ್ದದ ಪೊದೆಯನ್ನೂ ನೆಲಕ್ಕೆ ಮಲಗಿಸುತ್ತಿದ್ದರು. ಶನಿವಾರ ಬೆಟ್ಟದ ಬಸ್ಸು ಹಿಡಿದು ಧರ್ಮಪುರಿ ಕಡೆಯ ಕಾರಿಮಂಗಲದ ಹತ್ತಿರದ ನಮ್ಮ ಹಳ್ಳಿಗೆ ಬರುತ್ತಿದ್ದರು. ಬಂದ ಮೇಲೆ ಎರಡು ದಿನ ನಮ್ಮ ಜಗಳ. ದೊಡ್ಡ ವಿಷಯವೇನೂ ಬೇಕಾಗಿರಲಿಲ್ಲ. ಮಳೆ ಬರುತ್ತದೆ ಎಂದು ಅವರೆಂದರೆ ಬರುವುದಿಲ್ಲ ಎಂದು ನಾನು. ಮೆಷಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಅವರು ದೂರಿದರೆ, "ಮೆಷಿನ್ ನೆಟ್ಟಗೇ ಐತೆ, ನೀವು ಇಡಿಯೋದು ಸರಿಯಿಲ್ಲ" ಎಂದು ನಾನು. ನಮ್ಮ ಸಂಸಾರ ನಡೆದದ್ದೇ ಹಾಗೆ. ಚೆನ್ನಾಗಿಯೇ ನಡೆದಿತ್ತು.

ಒಂದು ವರ್ಷ ಅವರು ಏರ್ಕಾಡು ಸಾಕೆಂದರು. ಚಳಿ ಆಗುವುದಿಲ್ಲ, ಊರ ಕಡೆಯ ಮಾವಿನ ತೋಪುಗಳಲ್ಲೇ ಬೇಕಾದಷ್ಟು ಕೆಲಸವಿದೆ ಎಂದರು. ಅಷ್ಟು ವರ್ಷ ಆಗಿಬಂದ ಚಳಿ ಈಗೇಕೆ ಆಗದು ಎಂದು ನಾನು ಕೇಳಲಿಲ್ಲ, ಮನೆಯಲ್ಲಿರುತ್ತಾರಲ್ಲ ಎಂಬ ಆಸೆ. ಆದರೆ ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ನಿಂತು ಉಸಿರೆಳೆದುಕೊಳ್ಳುವುದನ್ನು ಕಂಡೆ. ಒಣ ಕೆಮ್ಮು ಬಿಡಲಿಲ್ಲ. ಧರ್ಮಪುರಿಯಲ್ಲಿ ತೋರಿಸಿದೆವು, ಅಲ್ಲಿಂದ ಸೇಲಂಗೆ ಕಳಿಸಿದರು. ಸೇಲಂನಲ್ಲಿ ಫೋಟೋ ತೆಗೆದು, ಊದಿಸಿ, ನಡೆಸಿ ನೋಡಿದ ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಎದೆಯೊಳಗಿನ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತಿದೆಯಂತೆ. ಯಾಕೆ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ವಾಸಿಯಾಗುತ್ತದಾ ಎಂದೆ.

"ಇನಿಮೇ ಕುರೈಯಾದುಮ್ಮಾ. ಕೂಡಿಕ್ಕಿಟ್ಟೇದಾನ್ ಪೋಗುಂ" ಎಂದರು.

ಕಡಿಮೆಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ತಮಿಳು ನನಗೆ ಮನೆಮಾತಿನಷ್ಟೇ ತಿಳಿಯುತ್ತದೆ. ಆವತ್ತು ಮಾತ್ರ ತಿಳಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೊರಗೆ ಬಂದು, ಅಲರ್ಜಿಯಂತೆ, ಮಾತ್ರೆ ತೆಗೆದುಕೊಂಡರೆ ಹೋಗುತ್ತದಂತೆ ಎಂದು ಹೇಳಿದೆ. ಅವರು ತಲೆಯಾಡಿಸಿದರು. ನಿಜ ಹೇಳಲು ನನಗೆ ಧೈರ್ಯವಿರಲಿಲ್ಲ ಎನ್ನುವುದು ಒಂದು, ಹೇಳಬಾರದು ಎಂದು ತೀರ್ಮಾನಿಸಿದ್ದು ಇನ್ನೊಂದು. ಸಾಯುತ್ತೇನೆಂದು ಗೊತ್ತಾದರೆ ಈ ಮನುಷ್ಯ ಆವತ್ತೇ ಮೆಷಿನ್ನು ಗೋಡೆಗೆ ಒರಗಿಸಿ ಮಂಚ ಹತ್ತುತ್ತಾರೆ, ಮತ್ತೆ ಇಳಿಯುವುದಿಲ್ಲ ಎಂದು ಹೆದರಿದ್ದೆ. ನಡೆದಾಡುವಷ್ಟು ದಿನವಾದರೂ ಕೆಲಸ ಮಾಡುವ ಗಂಡಸಾಗಿಯೇ ಇರಲಿ ಎಂಬುದಷ್ಟೇ ನನ್ನ ಆಸೆ.

ಮಾರನೆಯ ದಿನ ಹಿತ್ತಲಿಗೆ ಮೆಷಿನ್ನು ತೆಗೆದುಕೊಂಡು ಹೋದವರು ಬೇಗ ವಾಪಸು ಬಂದು ಜಗಲಿಯ ಮೇಲೆ ಕೂತರು.

"ಈ ಬ್ಲೇಡು ಸರಿಯಿಲ್ಲ ಕಣೇ. ಭಾರ ಐತೆ. ಎಂಬತ್ತು ಅಲ್ಲಿಂದು ಉಲ್ಲಿಗೆ ಬೇಕಾಗಿಲ್ಲ."

"ಊಂ, ಭಾರನೇ ಇರ್ಬೇಕು" ಎಂದೆ. "ಬೇರೆ ತರಾನ."

ಹಾಗೆ ನಾನೂ ಮೆಷಿನ್ನಿನ ವೈರಿಯಾದೆ.

ಎಂಬತ್ತು ಹಲ್ಲಿನ ಬ್ಲೇಡು ಹೋಗಿ ಮೂರು ಹಲ್ಲಿನದು ಬಂತು. ಅದೂ ಕಲ್ಲಿಗೆ ಬಡಿದು ಹಿಂದಕ್ಕೆ ಎಗರುತ್ತದೆ, ಕೈ ನಡುಗುತ್ತದೆ ಎಂದರು. ನಮ್ಮ ಕಡೆಯ ನೆಲದಲ್ಲಿ ಹುಲ್ಲಿಗಿಂತ ಕಲ್ಲೇ ಜಾಸ್ತಿ, ಆದ್ದರಿಂದ ಆ ದೂರು ನಂಬುವ ಹಾಗೇ ಇತ್ತು. ಕಬ್ಬಿಣ ಬಿಟ್ಟು ದಾರಕ್ಕೆ ಬಂದೆವು. ಮೊದಲು ಮೂರು ಎಂ.ಎಂ. ದಪ್ಪದ್ದು, ಚೌಕದ ಅಂಚಿನದು. ದಪ್ಪ ದಂಟನ್ನೂ ಕತ್ತರಿಸುತ್ತದೆ, ಆದರೆ ಗಾಳಿಯನ್ನು ಕೊಯ್ಯುತ್ತಾ ಇಂಜಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಆಮೇಲೆ ಗುಂಡನೆಯದು, ಎರಡು ಪಾಯಿಂಟ್ ನಾಲ್ಕು. ಅದು ಹಗುರ, ಬಾಳಿಕೆಯೂ ಪರವಾಗಿಲ್ಲ, ಆದರೆ ಗಟ್ಟಿ ಕಳೆ ಕಂಡರೆ ಸವರಿಕೊಂಡು ಹೋಗುತ್ತದೆ. ನಡುವೆ ಒಂದು ಸಲ ನಕ್ಷತ್ರದ ಆಕಾರದ ದಾರವೂ ಬಂತು. ಅಂಚುಗಳು ಸವೆದ ಮೇಲೆ ಅದಕ್ಕೂ ಗುಂಡನೆಯದಕ್ಕೂ ವ್ಯತ್ಯಾಸ ತಿಳಿಯಲಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತೆಂದರೆ ಸುಳ್ಳು ಹೇಳಲು ಕಲಿಯಬೇಕಾಗಿ ಬಂತು. ಬರೀ "ಸರಿಯಿಲ್ಲ" ಎಂದರೆ ಅವರು ನಂಬುತ್ತಿರಲಿಲ್ಲ, ಏಕೆ ಸರಿಯಿಲ್ಲ ಎಂದು ಹೇಳಬೇಕಿತ್ತು. ಸೇಲಂನ ಮೆಷಿನ್ ಸಾಮಾನಿನ ಅಂಗಡಿಗೆ ಪ್ರತಿ ಸಲ ಜೊತೆಗೆ ಹೋಗುತ್ತಿದ್ದೆ. ಅಂಗಡಿಯವರು ನಮ್ಮನ್ನು ಕಂಡ ಕೂಡಲೇ, "ಎನ್ನಣ್ಣಾ, ತಿರುಂಬ ಅಂದುಪೋಚ್ಚಾ?" ಎಂದು, ಮತ್ತೆ ದಾರ ಕಿತ್ತುಹೋಯಿತಾ ಎಂದು ನಗುತ್ತಿದ್ದರು. ಒಂದು ಸಲ ಅವರು ತಾವಾಗಿಯೇ, ದಾರದಲ್ಲಿ ದೋಷವಿಲ್ಲ, ಹೆಡ್ಡನ್ನು ನೆಲಕ್ಕೆ ಒತ್ತಿ ಹಿಡಿದರೆ ಎಂಥ ದಾರವೂ ಸವೆಯುತ್ತದೆ ಎಂದು ವಿವರಿಸಲು ಹೊರಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅದೆಲ್ಲ ಬೇಡ, ಇದಕ್ಕಿಂತ ತೆಳು ಇದೆಯಾ ಇಲ್ಲವಾ ಅಷ್ಟು ಹೇಳಿ" ಎಂದು ತಮಿಳಿನಲ್ಲಿ ಹರಿಹಾಯ್ದೆ. ಅವರು ನನ್ನ ಮುಖ ನೋಡಿದರು, ಬೆಂಚಿನ ಮೇಲೆ ಬಾಯಿ ತೆರೆದು ಉಸಿರಾಡುತ್ತಿದ್ದ ನನ್ನ ಗಂಡನನ್ನೂ ನೋಡಿದರು. ಆಮೇಲೆ ಯಾವತ್ತೂ ನಗಲಿಲ್ಲ. ಕೇಳಿದ್ದನ್ನು ಕೊಡುತ್ತಿದ್ದರು, ಇದು ಒಳ್ಳೆಯದು ಅಣ್ಣಾ, ಕೈಗೆ ಭಾರವೇ ಇರುವುದಿಲ್ಲ ಎಂದು ಅವರೂ ಒಂದು ಮಾತು ಸೇರಿಸುತ್ತಿದ್ದರು.

ಕೊನೆಯದಾಗಿ ಬೇರೆಯವರ ಕೆಲಸಕ್ಕೆ ಹೋದದ್ದು ಪಕ್ಕದ ಊರಿನ ಮಾವಿನ ತೋಪಿಗೆ. ಕಾಯಿ ಕೀಳುವ ಮೊದಲು ಬುಡದ ಹುಲ್ಲು ಸವರಿ ಕೊಡಬೇಕಿತ್ತು. ಬುತ್ತಿಯ ನೆಪದಲ್ಲಿ ನಾನೂ ಹೋದೆ. ಮರದ ಬುಡಕ್ಕೆ ದಾರ ತಾಗಬಾರದು, ತಾಗಿದರೆ ತೊಗಟೆ ಸುಲಿಯುತ್ತದೆ. ಅದಕ್ಕೇ ಅವರು ಯಾವಾಗಲೂ ಒಂದು ಮಾರು ದೂರ ನಿಂತು, ಹೆಡ್ಡನ್ನು ಓರೆ ಮಾಡಿ ಸುತ್ತು ಬರುತ್ತಿದ್ದರು. ಆವತ್ತು ಹೆಡ್ಡನ್ನು ಎತ್ತಿ ಹಿಡಿಯಲೇ ಆಗಲಿಲ್ಲ. ಅದು ನೆಲಕ್ಕೆ ಕೂತು ಕಲ್ಲಿನ ಮೇಲೆ ಉಜ್ಜುತ್ತಿತ್ತು. ದಾರ ಸವೆಯಿತು, ಹೆಡ್ಡನ್ನು ನೆಲಕ್ಕೆ ತಟ್ಟಿದರು, ಹೊಸ ದಾರ ಹೊರಗೆ ಬಂತು, ಅದೂ ಸವೆಯಿತು. ಮತ್ತೆ ತಟ್ಟಿದರು. ಎರಡನೆಯ ಮರದ ಹತ್ತಿರ ಇಂಜಿನ್ನು ನಿಲ್ಲಿಸಿ, ಬೆಲ್ಟು ಕಳಚಲೂ ಆಗದೆ ಮೆಷಿನ್ನಿನ ಸಮೇತ ನೆಲಕ್ಕೆ ಕುಸಿದು ಕೂತರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಆಳಾದ್ದು ದಾರ" ಎಂದು ನಾನು ಬೆಲ್ಟು ಬಿಚ್ಚುತ್ತಾ ಬಯ್ದೆ. "ಒಂದು ಗಳಿಗೆ ನಿಲ್ಲಲ್ಲ."

ತೋಪಿನ ಯಜಮಾನರು ಮುಂದಿನ ಸಲ ನಮ್ಮನ್ನು ಕರೆಯಲಿಲ್ಲ.

ಅದಾಗಿ ಕೆಲವು ವಾರಗಳಿಗೆ ತಾವಾಗಿಯೇ ಸೇಲಂಗೆ ಹೋಗೋಣ ಎಂದರು. ಬೇಡವೆಂದರೆ ಅನುಮಾನ ಬರುತ್ತದೆಂದು ಹೊರಟೆ. ಎರಡು ಎಂ.ಎಂ.ನ ದಾರ, ಚಿಕ್ಕ ಹೆಡ್ಡು, ಇದ್ದುದರಲ್ಲಿ ಅತ್ಯಂತ ಹಗುರವಾದದ್ದು ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅದಾದ ಮೇಲೆ ಇನ್ನೇನು ಕೇಳುವುದು? ಅದಕ್ಕಿಂತ ತೆಳುವಾದದ್ದು ಆ ಮೆಷಿನ್ನಿಗೆ ಇಲ್ಲವೆಂದು ನನಗೆ ಗೊತ್ತಿತ್ತು. ನನ್ನ ಸುಳ್ಳಿಗೂ ಅದೇ ಕೊನೆ.

ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ಅವರು ಬೆಂಚಿನಿಂದ ಕೈ ಎತ್ತಿದರು. ತಟ್ಟುವ ಹೆಡ್ಡು ಬೇಡ, ದಾರದ ತುಂಡುಗಳನ್ನು ತೂರಿಸಿ ಸಿಕ್ಕಿಸುವ ಹೆಡ್ಡು ಕೊಡಿ, ದಾರ ಎರಡು ಪಾಯಿಂಟ್ ನಾಲ್ಕರದು, ಗುಂಡನೆಯದು ಎಂದರು. ಅಂಗಡಿಯವರು, ಅಣ್ಣಾ, ನಿಮಗೆ ಅದು ಭಾರವಾಗುವುದಿಲ್ಲವಾ ಎಂದು ಮೆಲ್ಲಗೆ ಕೇಳಿದರು.

"ಎನಕ್ಕಿಲ್ಲೆ. ಇನಿಮೇ ಅವ ದಾನ್ ವೆಟ್ಟಣುಂ" ಎಂದರು ನನ್ನ ಗಂಡ, ನನ್ನ ಕಡೆ ಕೈ ತೋರಿಸಿ.

ನನಗಲ್ಲ, ಇನ್ನು ಮೇಲೆ ಇವಳೇ ಕತ್ತರಿಸಬೇಕು. ಅವರೇ ಮುಂದುವರಿಸಿದರು. ಇವಳಿಗೆ ಸಿಟ್ಟು ಜಾಸ್ತಿ, ತಟ್ಟುವ ಹೆಡ್ಡು ಕೊಟ್ಟರೆ ನೆಲಕ್ಕೆ ಬಡಿದು ಒಡೆದುಹಾಕುತ್ತಾಳೆ, ಅದಕ್ಕೇ ಇದು. ಹೇಳಿ ಉಸಿರಿಗಾಗಿ ಒದ್ದಾಡಿದರು. ಅಂಗಡಿಯವರು ಬೆಲ್ಟನ್ನು ನನ್ನ ಹೆಗಲಿಗೆ ಹಾಕಿ, ನನ್ನ ಎತ್ತರಕ್ಕೆ ಬಿಗಿ ಮಾಡಿಕೊಟ್ಟರು. ನಾನು ಮರದ ಬೊಂಬೆಯಂತೆ ನಿಂತಿದ್ದೆ.

ವಾಪಸು ಬರುವಾಗ ತೊಪ್ಪೂರು ಘಾಟಿಯ ಏರಿನಲ್ಲಿ ಬಸ್ಸು ಲಾರಿಗಳ ಹಿಂದೆ ನಿಧಾನವಾಗಿ ಹತ್ತುತ್ತಿತ್ತು.

"ಯಾವಾಗಿಂದ ಗೊತ್ತು?" ಎಂದೆ.

"ಡಾಕ್ಟ್ರು ನಿನ್ನೊಬ್ಳನ್ನೇ ಒಳಕ್ಕೆ ಕರುದ್ರಲ್ಲಾ, ಆವತ್ತು ಅನುಮಾನ ಬಂತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ಮಾರ್ನೇ ದಿನ ಬ್ಲೇಡು ಸರಿಯಿಲ್ಲ ಅಂದೆ. ನೀನು ಊಂ ಅಂದೆ."

"ಅದ್ರಲ್ಲೇನು?"

"ಮದ್ವೆ ಆದಾಗಿಂದ ನಾನು ಏಳಿದ್ದಕ್ಕೆ ಒಂದ್ಸಲನಾದ್ರೂ ಊಂ ಅಂದಿದ್ಯಾ ನೀನು?"

ಕಿಟಕಿಯ ಕಡೆ ತಿರುಗಿಕೊಂಡೆ. "ಮತ್ಯಾಕೆ ಅಷ್ಟೊಂದು ಎಡ್ಡು, ಅಷ್ಟೊಂದು ದಾರ ತಕ್ಕೊಂಡ್ರಿ?"

"ನೀನು ಅಷ್ಟು ಕಷ್ಟಬಿದ್ದು ಸುಳ್ಳು ಏಳ್ತಿದ್ದೆ. ನಾನ್ಯಾಕೆ ಕೆಡ್ಸಾದು ಅಂತ."

ಆ ಬಸ್ಸಿನಲ್ಲಿ ಕೂತು, ಜನ ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತೆ. ದುಃಖಕ್ಕಿಂತ ಕೋಪವೇ ಹೆಚ್ಚಾಗಿತ್ತು. ಅವರಿಗೆ ಗೊತ್ತಾಗದಂತೆ ನಾನೊಬ್ಬಳೇ ಹೊತ್ತಿದ್ದೇನೆ ಎಂಬ ಒಂದೇ ಒಂದು ಸಮಾಧಾನ ನನಗಿತ್ತು. ಅದನ್ನೂ ಉಳಿಸಲಿಲ್ಲ. ಅಷ್ಟು ದಿನ ಅವರೊಬ್ಬರೇ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಮಲಗಿದ್ದರು, ನಾನು ಪಕ್ಕದಲ್ಲೇ ಇದ್ದೂ ಜೊತೆಗಿರಲಿಲ್ಲ. ಅತ್ತು ಜಗಳವಾಡಿ ಕಳೆಯಬಹುದಾಗಿದ್ದ ದಿನಗಳನ್ನು ನಾವು ದಾರ ಕೊಳ್ಳುತ್ತಾ ಕಳೆದಿದ್ದೆವು.

ಈಗ ಮನೆ ಹಿಂದಿನ ನಮ್ಮ ಮಾವಿನ ಗಿಡಗಳ ನಡುವೆ ನಾನೇ ಹುಲ್ಲು ಕತ್ತರಿಸುತ್ತೇನೆ. ಚೆನ್ನಾಗೇನೂ ಬರುವುದಿಲ್ಲ. ಒಂದು ಕಡೆ ಬೋಳು, ಒಂದು ಕಡೆ ಪೊದೆ. ಅವರು ಹಿತ್ತಿಲ ಬಾಗಿಲಲ್ಲಿ ಮಂಚ ಹಾಕಿಸಿಕೊಂಡು ಒರಗಿರುತ್ತಾರೆ, ಮೂಗಿಗೆ ಆಕ್ಸಿಜನ್ ಕೊಳವೆ. ಇಂಜಿನ್ನಿನ ಸದ್ದಿನಲ್ಲಿ ಅವರ ದನಿ ನನಗೆ ಮುಟ್ಟುವುದಿಲ್ಲ. ತಪ್ಪು ಮಾಡಿದಾಗ ಕೈ ಎತ್ತುತ್ತಾರೆ, ಆ ಕೈಯೂ ಬೇಗ ಕೆಳಗೆ ಬೀಳುತ್ತದೆ. ಔಷಧಿ ಹೆಚ್ಚಿಸಿದ್ದಾರೆ, ಏನೂ ಪ್ರಯೋಜನವಿಲ್ಲವೆಂದು ಡಾಕ್ಟರು ಈಗ ಇಬ್ಬರ ಎದುರಿಗೇ ಹೇಳುತ್ತಾರೆ.

ಮೊನ್ನೆ ಕೆಲಸ ಮುಗಿಸಿ ಬಂದಾಗ ಮಂಚದ ಮೇಲೆ ದಾರದ ಸುರುಳಿ ಬಿಚ್ಚಿಕೊಂಡು ಕೂತಿದ್ದರು. ಆ ಹೆಡ್ಡಿಗೆ ಅವರ ಗೇಣಿನಲ್ಲಿ ಒಂದೂವರೆಯಷ್ಟು ಉದ್ದದ ತುಂಡು ಬೇಕು. ಬಲಗೈ ಬೆರಳುಗಳನ್ನು ಅಗಲಿಸಿ ದಾರದ ಮೇಲಿಟ್ಟು ಅಳೆಯುವುದು, ಕತ್ತರಿಯಿಂದ ತುಂಡು ಮಾಡುವುದು, ದಣಿವಾರಿಸಿಕೊಳ್ಳುವುದು, ಮತ್ತೆ ಅಳೆಯುವುದು. ಪಕ್ಕದಲ್ಲಿ ತುಂಡುಗಳ ರಾಶಿ. ಸುರುಳಿ ಪೂರ್ತಿ ಖಾಲಿಯಾಗುವ ತನಕ ನಿಲ್ಲಿಸುವ ಹಾಗೆ ಕಾಣಲಿಲ್ಲ. ನನಗೆ ರೇಗಿತು.

"ಅಷ್ಟ್ಯಾಕೆ ಕತ್ತರಿಸ್ತಾ ಇದ್ದೀರಾ? ಎಷ್ಟು ವರ್ಸಕ್ಕೆ? ಮುಗುದಾಗ ಮುಗುದಾಗ ಕತ್ತರಿಸ್ಕೊಂಡ್ರಾಯ್ತು."

"ಉದ್ದ ಎಚ್ಚು ಕಮ್ಮಿ ಆದ್ರೆ ಇಂಜಿನ್ ಎಳೀತೈತೆ" ಎಂದರು, ತಲೆ ಎತ್ತದೆ.

"ಗೇಣಲ್ಲಿ ಅಳ್ದು ಕತ್ತರಿಸಾಕೆ ನಂಗೆ ಬರಲ್ವಾ?"

ಅವರು ದಾರದ ಮೇಲೆ ಅಗಲಿಸಿಟ್ಟಿದ್ದ ಕೈಯನ್ನು ಹಾಗೇ ಬಿಟ್ಟು ನನ್ನನ್ನು ನೋಡಿದರು.

"ಯಾರ್ ಗೇಣಲ್ಲಿ ಅಳೀತೀಯಾ ಆಗ?"

ದಾರ ಸುರುಳಿಗೊಳ್ಳದ ಹಾಗೆ ಇನ್ನೊಂದು ತುದಿಯನ್ನು ನೆಟ್ಟಗೆ ಹಿಡಿದು ಅವರ ಎದುರಿಗೆ ಕೂತೆ.