ಆರು ಇಟ್ಟಿಗೆ, ಒಂದು ಮಣೆ

ಮಗಳ ಮಗುವಿಗೆ ಎಂಟು ದಿನ. ಕಾಲು ಚಾಚಿ, ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಹದವಾದ ಬಿಸಿನೀರು ಹೊಯ್ದೆ. ಒರೆಸಿದೆ. ಹಳೇ ಪಂಚೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಬಚ್ಚಲಮನೆಯ ಮಣೆಯ ಮೇಲೆ ಕೂತಿದ್ದೆ. ಇನ್ನು ಏಳಬೇಕು.

ಏಳಲಾಗಲಿಲ್ಲ.

ಬಲಗೈ ನೆಲಕ್ಕೆ ಊರಿದೆ. ಸೋಪಿನ ನೀರು, ಜಾರಿತು. ಪಕ್ಕಕ್ಕೆ ಹೊರಳಿ ಮಂಡಿಯೂರೋಣವೆಂದರೆ ಹೊಟ್ಟೆ ಅಡ್ಡ ಬಂತು. ಎಡಗೈಯಲ್ಲಿ ಕೂಸು. ಉಸಿರು ಸಿಗದೆ ಎದೆ ಹೊಡೆದುಕೊಳ್ಳತೊಡಗಿತು. "ಯಾರಾದ್ರೂ ಬರ್ರಪ್ಪಾ" ಎಂದು ಕೂಗಿದೆ. ಯಜಮಾನರು ಹಿತ್ತಲಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಇದ್ದರು, ಅವರಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಬಾಣಂತಿಗೆ.

"ಅಮ್ಮಾ, ಏನಾಯ್ತು?" ಎನ್ನುತ್ತಾ ಮಗಳು ರಶ್ಮಿ ಓಡಿ ಬಂದಳು. ಸಿಸೇರಿಯನ್ ಆಗಿ ಎಂಟೇ ದಿನ. ಮಗುವನ್ನು ತೆಗೆದುಕೊಂಡು ಹೊರಗೆ ಚಾಪೆಯ ಮೇಲೆ ಮಲಗಿಸಿ ಬಂದು, ನನ್ನ ಕಂಕುಳಿಗೆ ಎರಡೂ ಕೈ ಹಾಕಿದಳು. ಬೇಡ ಕಣೆ, ಬೇಡ ಕಣೆ ಎನ್ನುವಷ್ಟರಲ್ಲಿ ಜೋರಾಗಿ ಎಳೆದೇಬಿಟ್ಟಳು. ನಾನು ಎದ್ದು ನಿಂತೆ. ಅವಳು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು.

ಹೊಲಿಗೆ ಬಿಟ್ಟಿತ್ತು.

ಮತ್ತೆ ಆಸ್ಪತ್ರೆ. ಮತ್ತೆ ಡ್ರಿಪ್, ಇಂಜೆಕ್ಷನ್, ದಿನಾ ಡ್ರೆಸ್ಸಿಂಗ್. ಗಾಯ ತೊಳೆಯುವಾಗ ಅವಳು ಹಲ್ಲು ಕಚ್ಚುತ್ತಿದ್ದಳು. ನಾನು ಹೊರಗೆ ವರಾಂಡದಲ್ಲಿ ಎರಡು ಕುರ್ಚಿ ಜೋಡಿಸಿಕೊಂಡು ಕೂತಿರುತ್ತಿದ್ದೆ, ಒಂದರಲ್ಲಿ ಹಿಡಿಸುತ್ತಿರಲಿಲ್ಲ. ಡಿಸ್ಚಾರ್ಜ್ ದಿನ ಎಚ್.ಡಿ. ಕೋಟೆಯಿಂದ ಅವಳ ಅತ್ತೆ ಬಂದರು. ಒಳ್ಳೆಯ ಹೆಂಗಸು, ಒಂದೂ ಕೆಟ್ಟ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡು, "ಬುಡಿ ಬೀಗ್ರೇ, ನಾವೇ ಕರ್ಕೊಂಡೋಯ್ತೀವಿ. ನೀವಾದ್ರೂ ಎಲ್ಲಿ ಅಂತ ಮಾಡೀರಿ? ನಿಮ್ಗೇ ಒಬ್ರು ಬೇಕು" ಎಂದರು.

ಚೊಚ್ಚಲ ಬಾಣಂತನ ತಾಯಿಮನೆಯದು. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ನಾನು ಬಿಟ್ಟುಕೊಟ್ಟೆ. ಕಾರು ಹೊರಟ ಮೇಲೆ ಆ ಬಚ್ಚಲಮನೆಗೆ ಹೋಗಿ, ಗೋಡೆಗೆ ಒರಗಿ ನಿಂತುಕೊಂಡೇ ಅತ್ತೆ. ಕೂತು ಅಳುವ ಯೋಗ್ಯತೆಯೂ ನನಗಿರಲಿಲ್ಲ.

ಇದರಲ್ಲೊಂದು ನಾಚಿಕೆಗೇಡಿನ ಸಂಗತಿಯಿದೆ, ಹೇಳಿಯೇ ಬಿಡುತ್ತೇನೆ. ನಾನು ರಾವಂದೂರು ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ತೂಕ ಹಾಕುವುದೇ ನನ್ನ ಕೆಲಸ. ತಿಂಗಳು ತಿಂಗಳು ಊರಿನ ಕೂಸುಗಳನ್ನೆಲ್ಲ ಜೋಳಿಗೆ ತಕ್ಕಡಿಗೆ ನೇತುಹಾಕಿ, ಚಾರ್ಟಿನಲ್ಲಿ ಚುಕ್ಕಿ ಇಟ್ಟು, ಹಸಿರೋ ಹಳದಿಯೋ ಕೆಂಪೋ ನೋಡಿ, ಕಾಲು ಕಿಲೋ ಇಳಿದಿದ್ದರೂ ಆ ತಾಯಿಯ ಗ್ರಹಚಾರ ಬಿಡಿಸುತ್ತಿದ್ದೆ. ಊರಿಗೆಲ್ಲ ತೂಕ ಹಾಕಿದವಳು ಹನ್ನೊಂದು ವರ್ಷದಿಂದ ತಕ್ಕಡಿ ಹತ್ತಿರಲಿಲ್ಲ. ಮದುವೆಮನೆಯಲ್ಲಿ "ಟೀಚರಮ್ಮ ಬಂದ್ರು, ಎಲ್ಡು ಎಲೆ ಹಾಕ್ರಲಾ" ಎಂದು ಯಾರಾದರೂ ಅಂದರೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋದರೆ ಕಿಟಕಿಯಾಚೆ ನೋಡುತ್ತಿದ್ದೆ. ನೋವಾಗುತ್ತಿತ್ತು. ತುಂಬ ನೋವಾಗುತ್ತಿತ್ತು. ಮನೆಗೆ ಬಂದು ಅದನ್ನೂ ಉಂಡುಬಿಡುತ್ತಿದ್ದೆ.

ಹುಣಸೂರಿನ ಆಸ್ಪತ್ರೆಯೊಂದರ ಲೇಡಿ ಡಾಕ್ಟರ್ ಹತ್ತಿರ ಹೋದೆ. ತೂಕದ ಮೆಷಿನ್ ಹತ್ತಿದರೆ ನಂಬರ್ ಬರಲಿಲ್ಲ, 'ಎರರ್' ಎಂದು ತೋರಿಸಿತು. ನರ್ಸ್ ಎರಡು ಸಲ ಇಳಿಸಿ ಹತ್ತಿಸಿದರು. ಕ್ಯೂನಲ್ಲಿದ್ದವರೆಲ್ಲ ನೋಡುತ್ತಿದ್ದರು. ಬಿ.ಪಿ. ಜಾಸ್ತಿ, ಶುಗರ್ ಜಾಸ್ತಿ, ಲಿವರ್‌ನಲ್ಲಿ ಕೊಬ್ಬು, ಮಂಡಿ ಸವೆತ. ಥೈರಾಯ್ಡ್ ಆದರೂ ಇರಲಪ್ಪ ಎಂದು ದೇವರಲ್ಲಿ ಬೇಡಿಕೊಂಡಿದ್ದೆ, ತಪ್ಪನ್ನು ಅದರ ತಲೆಗೆ ಕಟ್ಟಬಹುದಿತ್ತಲ್ಲ. ರಿಪೋರ್ಟ್ ನಾರ್ಮಲ್.

"ಹಾಗಾದ್ರೆ ಎಲ್ಲಾ ನನ್ನದೇ ತಪ್ಪು ಮೇಡಂ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ತಪ್ಪು ಅಂತ ಯಾರು ಹೇಳಿದ್ದು? ಇದೂ ಒಂದು ಕಾಯಿಲೆ ಕಣಮ್ಮ. ಜ್ವರ ಬಂದೋರನ್ನ ಬೈತೀವಾ? ಮೈಸೂರಲ್ಲಿ ಇದಕ್ಕೆ ಆಪರೇಷನ್ನೂ ಇದೆ, ಅದರಲ್ಲೂ ನಾಚಿಕೆ ಪಡೋ ಅಂಥದ್ದೇನಿಲ್ಲ. ಮೊದಲು ಆರು ತಿಂಗಳು ನಾನು ಹೇಳಿದಂಗೆ ನೋಡೋಣ. ಸರಿ, ನಿಮಗೆ ಏನಾಗಬೇಕು? ತೂಕ ಬಿಟ್ಟು ಹೇಳಿ."

ಯಾರೂ ಹಾಗೆ ಕೇಳಿರಲಿಲ್ಲ. "ಮಗು ಕಾಲ ಮೇಲೆ ಹಾಕ್ಕೊಂಡು ನೀರು ಹೊಯ್ಬೇಕು ಮೇಡಂ. ಹೊಯ್ದು, ನಾನೇ ಏಳ್ಬೇಕು" ಎಂದೆ. ಅಳು ಬಂತು. ಅವರು ಅದನ್ನೇ ಚೀಟಿಯ ಮೇಲೆ ಬರೆದರು, ಬಿ.ಪಿ. ಮಾತ್ರೆಯ ಕೆಳಗೆ. ಎಲ್ಲಾದರೂ ಸರಿಯಾಗಿ ತೂಕ ಹಾಕಿಸಿಕೊಂಡು ಬರಲು ಹೇಳಿದರು.

ನಮ್ಮ ಕಡೆ ಅಷ್ಟು ತೂಕ ಹಿಡಿಯುವ ತಕ್ಕಡಿ ಬೇರೆಲ್ಲಿರುತ್ತದೆ? ಹೊಗೆಸೊಪ್ಪಿನ ಬೇಲು, ಅಂದರೆ ಒತ್ತಿ ಕಟ್ಟಿದ ಮೂಟೆ, ತೂಗುವ ಕಡೆ. ನಮ್ಮನೆ ಜಗಲಿಯಲ್ಲೇ ಇತ್ತು. ಅಲ್ಲಿ ನೆಲದ ಮೇಲೆ ಏಳೆಂಟು ಹೆಂಗಸರು ಕೂತು ಸೊಪ್ಪನ್ನು ಗ್ರೇಡಿಂಗ್ ಮಾಡುತ್ತಿದ್ದರು, ಹಳದಿ ಎಲೆ ಒಂದು ಕಡೆ, ಕಂದು ಒಂದು ಕಡೆ. ಅವರು ಹೋಗುವವರೆಗೂ ಕಾದರೆ ಧೈರ್ಯವೂ ಹೋಗುತ್ತದೆ ಎನ್ನಿಸಿ, ಸೆರಗು ಕಟ್ಟಿ ಹತ್ತಿಯೇ ಬಿಟ್ಟೆ. ಎಲ್ಲರ ಕೈಗಳೂ ನಿಂತವು. ಯಜಮಾನರು ಬಂದು ನಂಬರ್ ಕಾಣದ ಹಾಗೆ ಹೆಂಗಸರಿಗೆ ಬೆನ್ನು ಕೊಟ್ಟು ನಿಂತುಕೊಂಡರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಆ ಮನುಷ್ಯ ನನಗಾಗಿ ಅಷ್ಟು ಮೆತ್ತಗೆ ಏನನ್ನೂ ಮಾಡಿದ್ದು ನೆನಪಿಲ್ಲ.

ನೂರಾ ಇಪ್ಪತ್ತೊಂಬತ್ತು.

"ಎಷ್ಟ್ರೀ?" ಎಂದು ಕೇಳಿದವಳು ಕೆಂಪಮ್ಮ. ಅಂಗನವಾಡಿಯಲ್ಲಿ ನನ್ನ ಸಹಾಯಕಿ, ಮಧ್ಯಾಹ್ನದ ಮೇಲೆ ನಮ್ಮನೆಗೇ ಗ್ರೇಡಿಂಗ್‌ಗೆ ಬರುತ್ತಿದ್ದಳು. ಮೂಳೆ ಚಕ್ಕಳದಂಥ ಆಳು, ಬಾಯಿ ಮಾತ್ರ ಊರಗಲ. ಯಜಮಾನರು ಗುರಾಯಿಸಿದರು. ನಾನೇ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಯಾರೂ ನಗಲಿಲ್ಲ. "ಅಯ್ಯೋ ಬುಡಿ ಟೀಚರಮ್ಮ, ಇಳ್ಸುದ್ರಾಯ್ತು" ಎಂದಳು ಕೆಂಪಮ್ಮ, ಮೆಣಸಿನಕಾಯಿ ತೊಟ್ಟು ಬಿಡಿಸಿದರಾಯ್ತು ಎನ್ನುವ ಹಾಗೆ.

ಡಾಕ್ಟರ್ ಹೇಳಿದ್ದು ದೊಡ್ಡದೇನಲ್ಲ. ಅನ್ನ ಒಂದು ಹಿಡಿ, ಹೊತ್ತಿಗೆ ಒಂದು ಮುದ್ದೆ, ತಟ್ಟೆಯ ಅರ್ಧ ಸೊಪ್ಪು ತರಕಾರಿ, ಒಂದು ಮೊಟ್ಟೆ, ಟೀಗೆ ಸಕ್ಕರೆ ಇಲ್ಲ, ಮಧ್ಯೆ ಬಾಯಾಡಿಸುವ ಹಾಗಿಲ್ಲ. ಸಾಯುವಷ್ಟು ಕಷ್ಟಪಟ್ಟು ಮಾಡಿದೆ. ಸಂಜೆ ನಾಲ್ಕಕ್ಕೆ ಕೋಡುಬಳೆ ಡಬ್ಬಿ ಕಂಡರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅಂಗನವಾಡಿ ಅಂಗಳದಲ್ಲೇ ಸುತ್ತು ಹೊಡೆಯುತ್ತಿದ್ದೆ, ರಸ್ತೆಯಲ್ಲಿ ನಡೆದರೆ ಊರು ನೋಡುತ್ತದಲ್ಲ. ಮೂರು ತಿಂಗಳಾಯಿತು. ಇಳಿದದ್ದು ಎರಡು ಕಿಲೋ.

"ರಾತ್ರಿ ಏನು ಊಟ ಮಾಡ್ತೀರಿ?" ಡಾಕ್ಟರ್ ಕೇಳಿದರು.

"ಒಂದೇ ಮುದ್ದೆ ಮೇಡಂ. ನನ್ನಾಣೆ."

"ಬೆಳಿಗ್ಗೆ?"

"ಒಂದೇ ಮುದ್ದೆ."

ಅವರು ನಂಬಿದರು. ನಾನೂ ಸುಳ್ಳು ಹೇಳಿರಲಿಲ್ಲ. ಬೇಜಾರಾಗಿ ಮಾರನೆಯ ದಿನ ಕೆಂಪಮ್ಮನ ಮುಂದೆ ಬುತ್ತಿ ಬಿಚ್ಚಿಟ್ಟು, "ನೋಡು, ಇಷ್ಟು ತಿಂದ್ರೂ ಈ ಮೈ ಕರಗಲ್ವಲ್ಲೇ" ಎಂದೆ. ಅವಳು ಬುತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಹೋಗಿ, ಜೋಳಿಗೆ ತಕ್ಕಡಿಗೆ ಒಂದು ಒಗೆದ ಬಟ್ಟೆ ಕಟ್ಟಿ, ಮುದ್ದೆಯನ್ನು ಬಾಳೆಲೆಯಲ್ಲಿ ಸುತ್ತಿ ಅದರೊಳಗೆ ಮಲಗಿಸಿದಳು.

ಮುಳ್ಳು ಅರ್ಧ ಕಿಲೋ ದಾಟಿ, ಮುಕ್ಕಾಲರ ಹತ್ತಿರ ನಿಂತಿತು.

"ಹುಟ್ಟಿದ್ ಕೂಸು ಇಷ್ಟಿದ್ರೆ ಮೈಸೂರ್ಗೆ ಕಳಿಸ್ತಿದ್ರಿ. ಮುದ್ದೆ ಇಷ್ಟಿದ್ರೆ ಯಾರ್ನ ಕಳ್ಸೋದು ಟೀಚರಮ್ಮ?"

ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನಿಜವಾಗಿಯೇ ಅತ್ತೆ. ಡಾಕ್ಟರ್ ಮನಸ್ಸಿನಲ್ಲಿದ್ದ ಮುದ್ದೆ ಮುಷ್ಟಿಗಾತ್ರದ್ದು. ನಾನು ಕಟ್ಟುತ್ತಿದ್ದದ್ದು ನಮ್ಮತ್ತೆ ಕಲಿಸಿದ ಅಳತೆ, ಬೆಳಗಿನಿಂದ ಹೊಲ ಉತ್ತು ಬಂದವರಿಗೆ ಕಟ್ಟುವಂಥದ್ದು. ನಮ್ಮನೆಯಲ್ಲಿ ಈಗ ಟ್ರ್ಯಾಕ್ಟರ್ ಉಳುತ್ತದೆ. ಮುದ್ದೆ ಮಾತ್ರ ಇಳಿದಿರಲಿಲ್ಲ. ಮುದ್ದೆ ಸಣ್ಣದು ಮಾಡಿದರೆ ಮನೆಯವಳ ಮನಸ್ಸೂ ಸಣ್ಣದು ಎನ್ನುವ ಊರು ನಮ್ಮದು. ಮದುವೆಯಾದ ಹೊಸತರಲ್ಲಿ ಒಮ್ಮೆ ಚಿಕ್ಕದು ಕಟ್ಟಿ ಬೈಸಿಕೊಂಡವಳು, ಮತ್ತೆ ಆ ತಪ್ಪು ಮಾಡಿರಲಿಲ್ಲ.

ಅವತ್ತು ಸಂಜೆ ನನ್ನ ಮುಷ್ಟಿ ಅಳತೆಗೆ ಒಂದು ಕಟ್ಟಿದೆ. ಯಜಮಾನರದು ಎಂದಿನ ಹಾಗೆ. ಎರಡೂ ತಟ್ಟೆಗಳನ್ನು ನೋಡಿ ಅವರು, "ಇದೇನೇ ಸಾವಿತ್ರಿ, ನಿಂಬೆಹಣ್ ಇಟ್ಕೊಂಡ್ ಕೂತಿದ್ದೀಯ? ನಿನ್ ಮುಂದೆ ಇಷ್ಟ್ ಇಟ್ಕೊಂಡ್ರೆ ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದು ರೇಗಿದರು. ತಮ್ಮದರಲ್ಲಿ ಅರ್ಧ ಮುರಿದು ಪಾತ್ರೆಗೆ ಹಾಕಿದರು. ಅಂದಿನಿಂದ ನಮ್ಮನೆ ಮುದ್ದೆ ಚಿಕ್ಕದಾಯಿತು. ನೆಂಟರು ಬಂದಾಗ ಇಂದಿಗೂ ಕೊಂಚ ಮುಜುಗರವಾಗುತ್ತದೆ.

ಆಮೇಲೆ ಇಳಿಯತೊಡಗಿತು. ನಿಧಾನಕ್ಕೆ. ಬೇಲಿನ ತಕ್ಕಡಿಯ ಮೇಲೆ ಪ್ರತಿ ಸೋಮವಾರ ಹತ್ತುತ್ತಿದ್ದೆ. ಗ್ರೇಡಿಂಗ್ ಹೆಂಗಸರು ಕೈ ನಿಲ್ಲಿಸಿ "ಎಷ್ಟಾಯ್ತು ಟೀಚರಮ್ಮ?" ಎಂದು ಕೂಗುತ್ತಿದ್ದರು. ಯಜಮಾನರು ಮರೆಯಾಗಿ ನಿಲ್ಲುವುದನ್ನು ಬಿಟ್ಟು, ತಾವೇ ನಂಬರ್ ಓದುತ್ತಿದ್ದರು. ಒಂದು ದಿನ ಕೆಂಪಮ್ಮ, "ಅಂಗಳ ಸುತ್ತಿ ಸುತ್ತಿ ನಂಗೆ ತಲೆ ತಿರುಗ್ತದೆ, ಬನ್ನಿ ಕೆರೆ ಏರಿ ಮ್ಯಾಲೆ ಹೋಗವ. ನೋಡೋರು ನೋಡ್ಕಳ್ಳಿ" ಎಂದು ಕೈ ಹಿಡಿದು ರಸ್ತೆಗೆ ಎಳೆದಳು. ಮೊದಲ ವಾರ ಎಲ್ಲರೂ ನೋಡಿದರು. ಎರಡನೇ ವಾರ ಇಬ್ಬರು ಬಾಣಂತಿಯರ ತಾಯಂದಿರು ಜೊತೆಗೆ ಬಂದರು.

ತೂಕ ಇಳಿದರೆ ಸಾಲದು, ಏಳುವುದನ್ನು ಕಾಲಿಗೆ ಮತ್ತೆ ಕಲಿಸಬೇಕು ಎಂದರು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದು, ಹತ್ತು ಸಲ. ಅದಾದ ಮೇಲೆ ಕೆಂಪಮ್ಮ ಹಳೇ ಬ್ಯಾರನ್‌ನ ಇಟ್ಟಿಗೆಗಳನ್ನು ತಂದು, ನೆಲದ ಮೇಲೆ ಎರಡು ಸಾಲು ಪೇರಿಸಿ, ಮೇಲೆ ಬಚ್ಚಲಮನೆಯ ಮಣೆ ಇಟ್ಟಳು. ಆರಾರು ಇಟ್ಟಿಗೆ ಎತ್ತರ. ಅಷ್ಟರಿಂದ ಸಲೀಸಾಗಿ ಎದ್ದರೆ ಸಾಲಿಗೊಂದು ಇಟ್ಟಿಗೆ ತೆಗೆಯುವುದು. ಐದಕ್ಕೆ ಬರಲು ಎರಡು ತಿಂಗಳು. ನಾಲ್ಕಕ್ಕೆ ಮತ್ತೆ ಮೂರು ತಿಂಗಳು. ಒಂದೊಂದು ಇಟ್ಟಿಗೆ ತೆಗೆದ ದಿನವೂ ಮಂಡಿ ಬೆಂಕಿ ಹತ್ತಿದ ಹಾಗೆ ಉರಿಯುತ್ತಿತ್ತು, ಮನಸ್ಸು ಮಾತ್ರ ಹಬ್ಬ ಮಾಡುತ್ತಿತ್ತು.

ಎಲ್ಲಾ ನೆಟ್ಟಗೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಯುಗಾದಿಯ ಒಬ್ಬಟ್ಟು, ಮಾರನೆಯ ದಿನದ ಹೊಸತೊಡಕಿನ ಬಾಡೂಟ, ಹಿಂದೆಯೇ ಸಾಲು ಮದುವೆಗಳು. ಅದೇ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಮೊಮ್ಮಗನ ಮುಡಿ ತೆಗೆಸುವ ಶಾಸ್ತ್ರ. ಅವನು ನನ್ನ ಹತ್ತಿರ ಬರದೆ ಅತ್ತು ಅಜ್ಜಿಯ ಸೊಂಟಕ್ಕೆ ಅಂಟಿಕೊಂಡ, ಅಂದರೆ ಆ ಅಜ್ಜಿಯ ಸೊಂಟಕ್ಕೆ. ವಾಪಸ್ಸು ಬಂದವಳು ಒಂದು ತಿಂಗಳು ತಕ್ಕಡಿ ಹತ್ತಲಿಲ್ಲ, ಕೆರೆ ಏರಿಗೂ ಹೋಗಲಿಲ್ಲ. ಯಾರಿಗಾಗಿ ಇದೆಲ್ಲ ಎನ್ನಿಸಿಬಿಟ್ಟಿತ್ತು. ಆರು ಕಿಲೋ ಏರಿತು. ಅಷ್ಟೊತ್ತಿಗೆ ಮೂರು ಇಟ್ಟಿಗೆಗೆ ಇಳಿದಿದ್ದ ಮಣೆಯಿಂದ ಏಳಲಾಗದೆ ಪಕ್ಕಕ್ಕೆ ಬಿದ್ದೆ.

ಇಟ್ಟಿಗೆ ವಾಪಸ್ಸು ಬಂತು.

ಡಾಕ್ಟರ್ ಬೈಯುತ್ತಾರೆಂದು ಹೆದರಿ ಹೋದರೆ, "ಬಂದ್ರಲ್ಲ, ಅಷ್ಟು ಸಾಕು. ಏರಿದ್ದು ಇಳಿಯುತ್ತೆ" ಎಂದರು. ಕೆಂಪಮ್ಮ ಅಷ್ಟು ಮೆತ್ತಗಿರಲಿಲ್ಲ. "ಕೂಸುಗಳ ತೂಕ ಇಳುದ್ರೆ ಅವ್ರವ್ವಂದ್ರನ್ನ ಮನೆಗೆ ಕಳುಸ್ಬುಡ್ತೀರಾ? ಮುಂದಿನ್ ತಿಂಗ್ಳೂ ಬಾ ಅಂತೀರಲ್ವಾ? ಏಳಿ ಮ್ಯಾಕೆ" ಎಂದಳು. ಎದ್ದೆ. ನಾನು ಅದೆಷ್ಟು ತಾಯಂದಿರನ್ನು ಸುಮ್ಮನೆ ಬೈದಿದ್ದೇನೋ ಎಂದು ಅವತ್ತು ಲೆಕ್ಕ ಹಾಕಿದೆ. ಆಮೇಲಿಂದ ತೂಕದ ದಿನ ನನ್ನ ಗಂಟಲು ಏರುವುದಿಲ್ಲ. ಚುಕ್ಕಿ ಕೆಳಗೆ ಬಿದ್ದರೆ ಮೊದಲು ಆ ತಾಯಿಯನ್ನು ಕೂರಿಸಿ, ಮನೆಯಲ್ಲಿ ಏನಾಗಿದೆ ಎಂದು ಕೇಳುತ್ತೇನೆ.

ಎರಡು ವರ್ಷ ದಾಟಿದ ಮೇಲೆ ಒಂದು ಮಧ್ಯಾಹ್ನ ರಶ್ಮಿ ಫೋನ್ ಮಾಡಿದಳು. ಮತ್ತೆ ಐದು ತಿಂಗಳಂತೆ. ಖುಷಿಯಾಯಿತು, ಹಿಂದೆಯೇ ಬಾಣಂತನ ಎಲ್ಲಿ ಎನ್ನುವ ಪ್ರಶ್ನೆ ಎದ್ದಿತು. ಎರಡನೆಯದು, ಅತ್ತೆಮನೆಯಲ್ಲೇ ಆದರೂ ಯಾರೂ ಏನೂ ಅನ್ನುವುದಿಲ್ಲ. ನಾನಾಗಿ ಕೇಳುವ ಬಾಯಿ ನನಗಿರಲಿಲ್ಲ. ಅವಳೇ ಕೇಳಿದಳು.

"ಅಮ್ಮ, ಈಗ ಎಷ್ಟು ಇಟ್ಟಿಗೆ?"

"ಒಂದು" ಎಂದೆ.

"ಅದನ್ನೂ ತೆಗ್ಸು. ಬಾಣಂತನಕ್ಕೆ ಅಲ್ಲಿಗೇ ಬತ್ತೀನಿ."

ಕಳೆದ ತಿಂಗಳು ಹುಣಸೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಮತ್ತೆ ಸಿಸೇರಿಯನ್. ಈಗ ನನ್ನ ತೂಕ ತೊಂಬತ್ತೆರಡು, ಆಸ್ಪತ್ರೆಯ ಮೆಷಿನ್ನೇ ತೋರಿಸುತ್ತದೆ. ಶುಗರ್ ಮಾತ್ರೆ ಅರ್ಧಕ್ಕೆ ಇಳಿದಿದೆ, ಬಿ.ಪಿ.ಯದು ಹಾಗೇ ಇದೆ. ಮಂಡಿ ಮೆಟ್ಟಿಲು ಹತ್ತುವಾಗ ಈಗಲೂ ಲಟಲಟ ಅನ್ನುತ್ತದೆ. ಇನ್ನೂ ಇಳಿಯಬೇಕು ಎಂದಿದ್ದಾರೆ. ಮತ್ತೆ ಏರುವ ಭಯ ದಿನಾ ಇರುತ್ತದೆ, ಅದರ ಜೊತೆಗೇ ಬಾಳುವುದನ್ನು ಕಲಿಯುತ್ತಿದ್ದೇನೆ. ಕೋಡುಬಳೆ ಡಬ್ಬಿಯ ಆಸೆ ಸತ್ತಿಲ್ಲ.

ಅವತ್ತು ಮಗುವಿಗೆ ಎಂಟನೇ ದಿನ. ಬಚ್ಚಲಮನೆಯಲ್ಲಿ ಇಟ್ಟಿಗೆಯಿಲ್ಲದ ಮಣೆ, ನೆಲಕ್ಕೇ ಹಾಕಿದ್ದೆ. ಕೂತೆ, ಕಾಲು ಚಾಚಿದೆ. ಮಗುವಿನ ತಲೆ ನನ್ನ ಪಾದಗಳ ನಡುವೆ ನೆಟ್ಟಗೆ ಕೂತಿತು. ಎಣ್ಣೆ ಹಚ್ಚಿ, ನೀವಿ, ನೀರು ಹೊಯ್ದೆ. ಕಿರುಚಿ ಕಿರುಚಿ ಕೆಂಪಗಾಯಿತು ಕಳ್ಳಿ. ಒರೆಸಿ, ಸುತ್ತಿ, ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮನ ಕೈಗೆ ಕೊಟ್ಟೆ. ಕೂಸನ್ನು ಹಿಡಿದುಕೊಂಡೇ ಏಳುವ ಹುಂಬತನ ಈ ಸಲ ಮಾಡಲಿಲ್ಲ.

ಒಳಗೆ ರೂಮಿನಲ್ಲಿ ಮಂಚ ಕಿರ್ ಎಂದಿತು. ಮಗಳು ಏಳುತ್ತಿದ್ದಾಳೆ ಎಂದು ಗೊತ್ತಾಯಿತು.

ಕಾಲು ಮಡಚಿದೆ. ಒಂದು ಕೈ ಗೋಡೆಗೆ ಕೊಟ್ಟೆ. ಉಸಿರು ಬಿಟ್ಟೆ.

"ಅಮ್ಮಾ, ಎದ್ದಾ?" ಒಳಗಿನಿಂದ ಕೂಗಿದಳು.

"ಎದ್ದೆ ಕಣೆ. ನೀನು ಮಲ್ಕೊ."